ಫ್ಲಾಟ್‌ಐರನ್ ಗೋಡೆಯ ಭಾರ ಹೊರುವವರು ಯಾರು?

ಫ್ಲಾಟ್‌ಐರನ್ ಅಂದರೆ ನ್ಯೂಯಾರ್ಕಿನ ಒಂದು ಎತ್ತರದ ಕಟ್ಟಡ. ಅದರ ವಿನ್ಯಾಸ ಮಾಡಿದ ಸಂಸ್ಥೆ: ಶಿಕಾಗೋದ ಡಿ.ಎಚ್. ಬರ್ನಮ್ ಅಂಡ್ ಕಂಪನಿ. ಮೊದಲು ಬರ್ನಮ್ ಮತ್ತು ರೂಟ್ ಜೋಡಿಯಾಗಿತ್ತು. 1891ರ ಜನವರಿಯಲ್ಲಿ ಜಾನ್ ರೂಟ್ ತೀರಿಕೊಂಡ ಮೇಲೆ ಹೆಸರು ಬದಲಾಯಿತು. ವಾಷಿಂಗ್ಟನ್ನಿನ ಯೂನಿಯನ್ ಸ್ಟೇಷನ್ ಕೂಡ ಇವರದೇ. ಇಷ್ಟು ಬಾಯಿಪಾಠ ಮಾಡಿಕೊಳ್ಳಿ, ಸಾಕು.

ಪರೀಕ್ಷೆಯಲ್ಲಿ ನಾನು ಎಡವಿದ್ದು ಈ ಫ್ಲಾಟ್‌ಐರನ್ (1902) ಪ್ರಶ್ನೆಯಲ್ಲಿ. ಫಿಫ್ತ್ ಅವೆನ್ಯೂ ಮತ್ತು ಬ್ರಾಡ್‌ವೇ ಕೂಡುವ ಮೂಲೆಯ ತ್ರಿಕೋನ ಜಾಗ. ಕಟ್ಟಡದ ಚೂಪು ಮೂತಿಯ ಅಗಲ ಸುಮಾರು 2 ಮೀಟರ್ ಅಷ್ಟೇ. ಹೊರಗೆ ಕೆಳಗಡೆ ಸುಣ್ಣಕಲ್ಲು, ಮೇಲೆಲ್ಲ ಟೆರಾಕೋಟಾ (ಸುಟ್ಟ ಜೇಡಿಮಣ್ಣು). ನೋಡಿದರೆ ಗಟ್ಟಿ ಕಲ್ಲಿನ ಕೋಟೆ! ಆದರೆ ಪಾಠದಲ್ಲಿ 'ಉಕ್ಕಿನ ಚೌಕಟ್ಟಿನ ಕಟ್ಟಡ' ಅಂತಿದೆ. ಸರಿ, ಒಳಗಿನ ನೆಲದ ಭಾರ ಉಕ್ಕಿನ ಮೇಲೆ, ಒಪ್ಪಿದೆ. ಹೊರಗಿನ ಗೋಡೆ? ಮೇಲಿನ ಗೋಡೆ ಕೆಳಗಿನ ಗೋಡೆಯ ಮೇಲೆ ತಾನೇ ಕೂತಿರಬೇಕು? ಹಾಗಂತಲೇ ಬರೆದು ಅಂಕ ಕಳೆದುಕೊಂಡೆ.

ಅಡುಗೆಮನೆ ನೆನೆಸಿಕೊಳ್ಳಿ. ಡಬ್ಬಿಯ ಮೇಲೆ ಡಬ್ಬಿ ಪೇರಿಸಿದರೆ ಎಲ್ಲದರ ಭಾರವೂ ತಳದ ಡಬ್ಬಿಗೆ. ಅದೇ ಡಬ್ಬಿಗಳನ್ನು ಸ್ಟೀಲ್ ರ್‍ಯಾಕಿನಲ್ಲಿ ಇಟ್ಟರೆ? ಒಂದೊಂದು ಹಲಗೆ ತನ್ನ ಡಬ್ಬಿಯನ್ನು ಮಾತ್ರ ಹೊರುತ್ತದೆ. ಕೆಳಗಿನ ಡಬ್ಬಿ ತೆಗೆದರೂ ಮೇಲಿನದು ಅಲ್ಲಾಡುವುದಿಲ್ಲ. ಫ್ಲಾಟ್‌ಐರನ್ ಈ ರ್‍ಯಾಕು. ಪ್ರತಿ ಮಹಡಿಯ ಅಂಚಿನಲ್ಲಿರುವ ಉಕ್ಕಿನ ತೊಲೆ ಆ ಮಹಡಿಯ ಗೋಡೆಯನ್ನು ಹಿಡಿದುಕೊಂಡಿದೆ. ತೊಲೆಯಿಂದ ಕಂಬಕ್ಕೆ, ಕಂಬದಿಂದ ಅಡಿಪಾಯಕ್ಕೆ. ಗೋಡೆಯಿಂದ ಗೋಡೆಗೆ ಭಾರ ಇಳಿಯುವುದೇ ಇಲ್ಲ! ಹಾಗಾಗಿ ಅದನ್ನು ಕರ್ಟನ್ ವಾಲ್, ಅಂದರೆ ಪರದೆ ಗೋಡೆ, ಅನ್ನುತ್ತಾರೆ. ಪರದೆ ಅಂದರೆ ತೆಳ್ಳಗೆ ಅಂತಲ್ಲ, ಮೇಲಿನ ಭಾರ ಹೊರುವುದಿಲ್ಲ ಅಂತ.

ಡಬ್ಬಿ ಪೇರಿಸಿದ ಪದ್ಧತಿ ನೋಡಬೇಕಾದರೆ ಶಿಕಾಗೋದ ಮೊನಾಡ್‌ನಾಕ್ ಕಟ್ಟಡ. ಉತ್ತರದ ಅರ್ಧ ಬರ್ನಮ್ ಮತ್ತು ರೂಟ್ ಅವರದು, 1891, 16 ಮಹಡಿ. ಹೊರಗೋಡೆ ಇಟ್ಟಿಗೆಯದು, ಭಾರ ಹೊರುವಂಥದ್ದು. ತಳದಲ್ಲಿ ಅದರ ದಪ್ಪ 6 ಅಡಿ! ಬಾಡಿಗೆಗೆ ಕೊಡುವ ಜಾಗವನ್ನೇ ಗೋಡೆ ನುಂಗಿತು ಅಲ್ವಾ? ದಕ್ಷಿಣದ ಅರ್ಧ 1893ರದು, ಹೋಲಬರ್ಡ್ ಅಂಡ್ ರೋಶ್ ಸಂಸ್ಥೆ ಕಟ್ಟಿದ್ದು. ಅದರಲ್ಲಿ ಉಕ್ಕಿನ ಚೌಕಟ್ಟು ಬಂತು. ಒಂದೇ ಕಟ್ಟಡದಲ್ಲಿ ಎರಡೂ ಪಾಠ. ನನಗಂತೂ ಇದನ್ನು ನೋಡಿದ ಮೇಲೇ ತಲೆಗೆ ಹೋಯಿತು.

ಗಾಳಿಯ ಪ್ರಶ್ನೆಯೂ ಬರುತ್ತದೆ. ಕಂಬ ಮತ್ತು ತೊಲೆ ಸೇರುವ ಮೂಲೆಗಳನ್ನು ಗಟ್ಟಿಯಾಗಿ ಬಿಗಿದರೆ ಚೌಕಟ್ಟು ಪಕ್ಕಕ್ಕೆ ವಾಲುವುದಿಲ್ಲ. ಜನ ಮಾತ್ರ ಫ್ಲಾಟ್‌ಐರನ್ ಬಿದ್ದೇ ಬೀಳುತ್ತದೆ ಅಂತ 'ಬರ್ನಮ್ಮನ ಹುಚ್ಚಾಟ' ಅಂದು ಆಡಿಕೊಂಡರು.