ಬರ್ ಬರುವ ತನಕ ಮಸೆಯಿರಿ

ಹೋಟೆಲ್ ಅಡುಗೆಮನೆಯ ಚಾಕುಗಳನ್ನು ಹರಿತ ಮಾಡಿಕೊಡುವುದು ನನ್ನ ಕಸುಬು. ಮನೆಬಳಕೆಯ ಚಾಕು ತರುವವರು ಹೇಳುವುದು ಹೆಚ್ಚುಕಡಿಮೆ ಒಂದೇ ಮಾತು: ‘ದಿನಾ ಮಸೀತೀನಿ, ಆದ್ರೂ ಟೊಮೇಟೊ ಜಜ್ಜಿ ಹೋಗುತ್ತೆ.’ ಯಾತರಿಂದ ಮಸೆಯುತ್ತೀರಿ ಎಂದರೆ, ಚಾಕು ಸೆಟ್ಟಿನ ಜೊತೆ ಬಂದ ಉದ್ದನೆಯ ಸ್ಟೀಲ್ ರಾಡ್ ತೋರಿಸುತ್ತಾರೆ. ಆ ರಾಡ್ ಇರುವುದು ಮಸೆಯುವುದಕ್ಕಲ್ಲ. ಹಲಗೆಗೆ ತಾಗಿ ತಾಗಿ ಅಲಗಿನ ಬಾಯಿ ಒಂದು ಬದಿಗೆ ಬಾಗುತ್ತದೆ, ರಾಡ್ ಅದನ್ನು ನೆಟ್ಟಗೆ ಮಾಡುತ್ತದೆ, ಅಷ್ಟೆ. ಬಾಯಿಯೇ ಸವೆದು ದುಂಡಗಾದ ಮೇಲೆ ನೆಟ್ಟಗೆ ಮಾಡಲು ಏನುಳಿದಿದೆ? ಲೋಹ ತೆಗೆಯಲೇಬೇಕು, ಅದಕ್ಕೆ ಕಲ್ಲೇ ಬೇಕು.

ಕಲ್ಲಿಗೆ ಸಾವಿರಾರು ರೂಪಾಯಿ ಸುರಿಯಬೇಕಿಲ್ಲ. ಹಾರ್ಡ್‌ವೇರ್ ಅಂಗಡಿಯಲ್ಲಿ ಒಂದು ಬದಿ ತರಿ, ಇನ್ನೊಂದು ಬದಿ ನಯ ಇರುವ ಸಿಲಿಕಾನ್ ಕಾರ್ಬೈಡ್ ಕಲ್ಲು ಸಿಗುತ್ತದೆ. ಮೊದಲ ಕಲ್ಲಾಗಿ ಅದು ಸಾಕು. ಸ್ವಲ್ಪ ಹೆಚ್ಚು ಕೊಡಲು ಸಿದ್ಧರಿದ್ದರೆ 400 ಮತ್ತು 1000 ಗ್ರಿಟ್‌ನ (ಗ್ರಿಟ್ ಎಂದರೆ ಕಲ್ಲಿನ ನಯದ ಅಳತೆ, ಅಂಕಿ ಹೆಚ್ಚಿದಷ್ಟೂ ನಯ) ಎರಡು ಮುಖದ, ನೀರು ಹಾಕಿ ಮಸೆಯುವ ಕಲ್ಲು ಕೊಳ್ಳಿ. ಬಾಯಿ ಮುಕ್ಕಾದ ಚಾಕುವಿಗೆ 400, ಮಾಮೂಲಿಗೆ 1000. 6000 ಗ್ರಿಟ್ ಬೇಕೇ ಎಂದು ಕೇಳುವವರಿದ್ದಾರೆ. ತರಕಾರಿ ಹೆಚ್ಚುವವರಿಗೆ ಬೇಡ. 1000ದಲ್ಲಿ ಉಳಿಯುವ ಸಣ್ಣ ತರಿಯೇ ಟೊಮೇಟೊ ಸಿಪ್ಪೆಯನ್ನು ಕಚ್ಚಿ ಹಿಡಿಯುವುದು.

ಕೋನಕ್ಕೆ ಹೆದರಬೇಡಿ. ಅಲಗಿನ ಅಗಲ 4 ಸೆಂ.ಮೀ. ಇದ್ದರೆ, ಚಾಕುವಿನ ಬೆನ್ನನ್ನು ಕಲ್ಲಿನಿಂದ 14 ಮಿ.ಮೀ.ಯಷ್ಟು ಎತ್ತಿ ಹಿಡಿದರೆ ಸುಮಾರು 20 ಡಿಗ್ರಿ. ನಮ್ಮ ಸಾಮಾನ್ಯ ಸ್ಟೇನ್‌ಲೆಸ್ ಚಾಕುಗಳಿಗೆ ಇದೇ ಸರಿ. 10 ಮಿ.ಮೀ.ಗೆ ಇಳಿಸಿದರೆ 15 ಡಿಗ್ರಿ. ಅದನ್ನು ಗಟ್ಟಿ ಉಕ್ಕಿನ ಜಪಾನಿ ಚಾಕು ತಾಳಿಕೊಳ್ಳುತ್ತದೆ, ಮೆದು ಉಕ್ಕಿನದು ಎರಡೇ ದಿನಕ್ಕೆ ಬಾಗುತ್ತದೆ. ಒಂದೆರಡು ಡಿಗ್ರಿ ಆಚೀಚೆಯಾದರೆ ಪರವಾಗಿಲ್ಲ, ಆದರೆ ಮೊದಲಿಂದ ಕೊನೆತನಕ ಕೈ ಒಂದೇ ಎತ್ತರದಲ್ಲಿರಬೇಕು.

ಹೆಚ್ಚಿನವರು ಸೋಲುವುದು ಇದಾದ ಮೇಲೆ. ಆ ಬದಿ ಹತ್ತು ಸಲ, ಈ ಬದಿ ಹತ್ತು ಸಲ ಎಂದು ಎಣಿಸಿ ಮುಗಿಸಿಬಿಡುತ್ತಾರೆ. ಎಣಿಕೆ ಬೇಡ, ಬೆರಳು ಸಾಕು. ಒಂದು ಬದಿಯನ್ನು ಬಾಯಿಯವರೆಗೂ ಪೂರ್ತಿ ಮಸೆದಾಗ ಲೋಹದ ಕೂದಲೆಳೆಯಂಥ ಅಂಚು ಇನ್ನೊಂದು ಬದಿಗೆ ಹೊರಳುತ್ತದೆ. ಕಸುಬಿನವರು ‘ಬರ್’ ಎನ್ನುವುದು ಇದಕ್ಕೇ. ಹೆಬ್ಬೆರಳನ್ನು ಬೆನ್ನಿನ ಕಡೆಯಿಂದ ಬಾಯಿಯಾಚೆಗೆ ಮೆಲ್ಲಗೆ ಸವರಿ (ಉದ್ದುದ್ದಕ್ಕೆ ಎಳೆದೀರಿ, ಜೋಕೆ), ಸಣ್ಣಗೆ ತಡೆಯುತ್ತದೆ. ಹಿಡಿಯ ಬುಡದಿಂದ ಮೊನೆಯವರೆಗೂ ಅದು ಕೈಗೆ ಸಿಕ್ಕರೆ ಮಾತ್ರ ಚಾಕು ತಿರುಗಿಸಿ. ಬುಡದ ಹತ್ತಿರ ಸಿಗಲಿಲ್ಲವೆಂದರೆ ಅಲ್ಲಿ ಇನ್ನೂ ಮೊಂಡೇ. ಇನ್ನೊಂದು ಬದಿಯಲ್ಲೂ ಬರ್ ಎಬ್ಬಿಸಿ, ಕೊನೆಗೆ ಭಾರ ಹಾಕದೆ ಎರಡೂ ಬದಿ ಒಂದಾದ ಮೇಲೊಂದು ಸವರಿ ಅದನ್ನು ಕಳಚಿ. ಬರ್ ಉಳಿದರೆ ಆ ದಿನ ಹರಿತ ಅನಿಸಿದ ಚಾಕು ಮಾರನೆಯ ದಿನವೇ ಮೊಂಡು.

ಕೊನೆಯ ಆ ನಯಗೆಲಸಕ್ಕೆ ಮಲೆನಾಡು, ಕರಾವಳಿಯ ಕಡೆ ಹಳಬರು ಬಿಳಿ ಬೆಣಚುಕಲ್ಲನ್ನು ಕುಟ್ಟಿ, ಆ ಪುಡಿಯನ್ನು ಮರದ ಹಲಗೆಗೆ ಉದುರಿಸಿ ಕತ್ತಿ ಮಸೆಯುತ್ತಿದ್ದರು. ಬೆಣಚು ಉಕ್ಕಿಗಿಂತ ಗಡುಸು, ಮರ ಮೆದು. ಈಗ ದುಡ್ಡು ಕೊಟ್ಟು ತರಿಸುವ ಚರ್ಮದ ಪಟ್ಟಿ, ಅದಕ್ಕೆ ಬಳಿಯುವ ಹಸಿರು ಪಾಲಿಶ್ ಪೇಸ್ಟು ಮಾಡುವ ಕೆಲಸವೂ ಇದೇ.

ಎಳೆದರೆ ಸಾಕು ಎನ್ನುವ ‘ವಿ’ ಆಕಾರದ ಶಾರ್ಪನರ್ ನನಗೆ ಹಿಡಿಸದು. ಕಾರ್ಬೈಡ್ ಹಲ್ಲುಗಳು ಅಲಗನ್ನು ಕೆರೆದು ಹಾಕುತ್ತವೆ, ವರ್ಷದೊಳಗೆ ಚಾಕುವೇ ಸಣ್ಣದಾಗುತ್ತದೆ. ಬೀದಿಯಲ್ಲಿ ಪೆಡಲ್ ತುಳಿದು ಸಾಣೆ ಹಿಡಿಯುವವರ ಬಗ್ಗೆ ತಕರಾರಿಲ್ಲ, ಮಚ್ಚು ಕುಡುಗೋಲಿಗೆ ಅದು ಒಳ್ಳೆಯದೇ. ತೆಳು ಚಾಕು ಮಾತ್ರ ಕೊಡಬೇಡಿ. ಒಣ ಚಕ್ರಕ್ಕೆ ಬಾಯಿ ಬೇಗ ಕಾಯುತ್ತದೆ. ಕಾರ್ಬನ್ ಸ್ಟೀಲಿನ ಅಂಚು ನೀಲಿಗಟ್ಟಿದರೆ ಅದು 300 ಡಿಗ್ರಿ ಸೆಲ್ಸಿಯಸ್ ಆಸುಪಾಸು ಮುಟ್ಟಿದೆ, ಹದ ಹೋಗಿದೆ. ಆಮೇಲೆ ಎಷ್ಟು ಮಸೆದರೂ ಹರಿತ ನಿಲ್ಲದು, ಆ ನೀಲಿ ಭಾಗವನ್ನೇ ಸವೆಸಿ ತೆಗೆಯಬೇಕು.

ಗಾಜಿನ ಹಲಗೆ, ಗ್ರಾನೈಟ್ ಕಟ್ಟೆಯ ಮೇಲೆ ಹೆಚ್ಚುವ ಮನೆಗಳಲ್ಲಿ ಇದೆಲ್ಲ ವಾರವೂ ಬಾಳುವುದಿಲ್ಲ. ಮರ ಇಲ್ಲವೇ ಪ್ಲಾಸ್ಟಿಕ್ ಹಲಗೆ ಇಟ್ಟುಕೊಳ್ಳಿ. ಬ್ರೆಡ್ ಕೊಯ್ಯುವ ಗರಗಸದ ಬಾಯಿಯ ಚಾಕುವನ್ನು ಮಾತ್ರ ಚಪ್ಪಟೆ ಕಲ್ಲಿಗೆ ತಾಗಿಸಬೇಡಿ. ಅದರ ಒಂದೊಂದು ಹಲ್ಲಿನ ಸಂದಿಗೂ ಮೊನಚು ಸೆರಾಮಿಕ್ ಕಡ್ಡಿ ಹಾಕಿ ಉಜ್ಜಬೇಕು. ಅಷ್ಟು ಹೊತ್ತು ಕೂರುವ ಬದಲು ಹೊಸದೇ ಅಗ್ಗ ಎಂದು ಗಿರಾಕಿಗಳಿಗೆ ನಾನೇ ಹೇಳಿ ಕಳಿಸುತ್ತೇನೆ.