ಕಡ್ಡಿ ತುಂಬಿದೆ, ಕರೆ ಹೋಗುತ್ತಿಲ್ಲ: ಕಡಲತೀರದ ಕ್ರೀಡಾಕೂಟಕ್ಕೆ ನೆಟ್‌ವರ್ಕ್ ಸಿದ್ಧತೆ

ಫೋನಿನ ಮೇಲ್ತುದಿಯಲ್ಲಿ ಸಿಗ್ನಲ್ ಕಡ್ಡಿ ನಾಲ್ಕೂ ತುಂಬಿರುತ್ತವೆ. ಕಳಿಸಿದ ಫೋಟೊದ ಮೂಲೆಯಲ್ಲಿ ಮಾತ್ರ ಗಡಿಯಾರದ ಗುರುತು ಕದಲದೆ ನಿಂತಿರುತ್ತದೆ. ಪರ್ಯಾಯ ಉತ್ಸವದ ಬೆಳಗಿನ ಜಾವ ಉಡುಪಿ ರಥಬೀದಿಯಲ್ಲಿ, ಸರ್ಫಿಂಗ್ ಸ್ಪರ್ಧೆಯ ಹೊತ್ತು ಮಂಗಳೂರು ಬಳಿಯ ಸಸಿಹಿತ್ಲು ತೀರದಲ್ಲಿ, 1,32,000 ಆಸನಗಳ ಅಹಮದಾಬಾದ್ ಕ್ರೀಡಾಂಗಣದಲ್ಲಿ, ಎಲ್ಲೆಡೆಯೂ ಇದು ಒಂದೇ ರೋಗ. ಕಡ್ಡಿ ಹೇಳುವುದು ಟವರಿನ ದನಿ ಫೋನಿಗೆ ಎಷ್ಟು ಚೆನ್ನಾಗಿ ಕೇಳಿಸುತ್ತಿದೆ ಎಂಬುದನ್ನು. ಫೋನಿನ ದನಿ ಟವರಿಗೆ ಕೇಳಿಸುತ್ತಿದೆಯೇ ಎಂಬುದನ್ನು ಅದು ಹೇಳುವುದೇ ಇಲ್ಲ. ಟವರಿನ ರೇಡಿಯೊ ಒಂದು ಪೋರ್ಟಿಗೆ 40 ವಾಟ್ ಹಾಕಿದರೆ, ಫೋನಿನ ಗರಿಷ್ಠ ಶಕ್ತಿ 0.2 ವಾಟ್. ಜನ ಸೇರಿದಾಗ ಮೊದಲು ಕುಸಿಯುವುದು ಫೋನಿನಿಂದ ಟವರಿಗೆ ಹೋಗುವ ಈ ದಾರಿ, ಅಂದರೆ ಅಪ್‌ಲಿಂಕ್. ಸಿದ್ಧತೆಯ ಸಮಯ, ದುಡ್ಡು ಎರಡೂ ಮೊದಲು ಹೋಗಬೇಕಾದದ್ದು ಅದಕ್ಕೇ.

20 ಮೆಗಾಹರ್ಟ್ಸ್‌ನ ಒಂದು 4ಜಿ ಕ್ಯಾರಿಯರ್‌ನಲ್ಲಿ (ಟವರ್ ಬಳಸುವ ತರಂಗಾಂತರದ ಒಂದು ತುಂಡು) ಅಪ್‌ಲಿಂಕ್ ಪುಸ್ತಕದ ಲೆಕ್ಕಕ್ಕೆ 50 ಎಂಬಿಪಿಎಸ್ ಕೊಡಬಹುದು. ಜನಜಂಗುಳಿಯಲ್ಲಿ 20 ಸಿಕ್ಕಿದರೆ ಒಳ್ಳೆಯದು ಎಂದುಕೊಂಡೇ ಯೋಜನೆ ಮಾಡಿ. ಲೈವ್ ವಿಡಿಯೊ ಬಿಡುವವರು ತಲಾ 2–3 ಎಂಬಿಪಿಎಸ್ ಎಳೆದರೆ, ಎಂಟು ಮಂದಿಗೆ ಆ ಸೆಕ್ಟರ್, ಅಂದರೆ ಟವರ್ ಒಂದು ದಿಕ್ಕಿಗೆ ಸಿಗ್ನಲ್ ಹಾಯಿಸುವ ವಲಯ, ಭರ್ತಿ. 5ಜಿ ಇದೆಯಲ್ಲ ಎನ್ನುವವರು ಒಂದು ವಿಷಯ ಗಮನಿಸಬೇಕು. 3.3 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಹೋಗುವುದಕ್ಕೂ ಬರುವುದಕ್ಕೂ ಒಂದೇ ತರಂಗಾಂತರ, ಸಮಯವನ್ನು ಹಂಚಿಕೊಂಡು ಬಳಸುವುದು. ಸಾಮಾನ್ಯ ಹಂಚಿಕೆಯಲ್ಲಿ ಸಮಯದ ಐದು ತುಣುಕುಗಳಲ್ಲಿ (ಸ್ಲಾಟ್) ಮೂರು ಡೌನ್‌ಲಿಂಕ್ (ಟವರಿನಿಂದ ಫೋನಿಗೆ), ಒಂದು ಮಿಶ್ರ, ಪೂರ್ತಿ ಅಪ್‌ಲಿಂಕ್ ಆಗಿರುವುದು ಒಂದೇ. ಜಾತ್ರೆ ಇದೆ ಎಂದು ಒಂದು ಸೈಟಿನಲ್ಲಿ ಮಾತ್ರ ಇದನ್ನು ಬದಲಿಸುವಂತಿಲ್ಲ. ಪಕ್ಕದ ಟವರು ಮಾತನಾಡುವ ಹೊತ್ತಿಗೆ ನಮ್ಮದು ಕೇಳಿಸಿಕೊಳ್ಳಲು ಕೂತಂತಾಗುತ್ತದೆ. ಆದ್ದರಿಂದ ಅಪ್‌ಲಿಂಕ್‌ಗೆ ಪ್ರತ್ಯೇಕ ತರಂಗಾಂತರವಿರುವ 900, 1800, 2100 ಮೆಗಾಹರ್ಟ್ಸ್‌ನ ಕ್ಯಾರಿಯರ್‌ಗಳೇ ಅಂದಿನ ಬೆನ್ನೆಲುಬು.

ಡೇಟಾಗಿಂತ ಮೊದಲೇ ಇನ್ನೊಂದು ಬಾಗಿಲು ಮುಚ್ಚಿಕೊಳ್ಳುತ್ತದೆ. 4ಜಿ ಫೋನ್ ನೆಟ್‌ವರ್ಕಿಗೆ ಪ್ರವೇಶ ಕೇಳುವಾಗ 64 ಸಂಕೇತಗಳಲ್ಲಿ ಒಂದನ್ನು ಆರಿಸಿ ಕೂಗುತ್ತದೆ. ಫೋನು ಒಂದು ಸೆಕ್ಟರಿನಿಂದ ಇನ್ನೊಂದಕ್ಕೆ ದಾಟುವ ಹ್ಯಾಂಡೋವರ್‌ಗೆಂದು ಕೆಲವನ್ನು ತೆಗೆದಿಟ್ಟರೆ ಸುಮಾರು 54 ಉಳಿಯುತ್ತವೆ. ಒಂದೇ ಗಳಿಗೆಯಲ್ಲಿ 10 ಫೋನುಗಳು ಕೂಗಿದರೆ ನಿಮ್ಮ ಸಂಕೇತವನ್ನೇ ಇನ್ನೊಬ್ಬರೂ ಆರಿಸಿರುವ ಸಾಧ್ಯತೆ ಶೇ 15. 30 ಫೋನುಗಳಾದರೆ ಶೇ 42. ಡಿಕ್ಕಿಯಾದವರು ಮತ್ತೆ ಕೂಗುತ್ತಾರೆ, ಗದ್ದಲ ಬೆಳೆಯುತ್ತದೆ. ಪರಿಹಾರ ಸುಲಭವೇ. 10 ಮಿಲಿಸೆಕೆಂಡಿಗೆ ಒಂದು ಪ್ರವೇಶಾವಕಾಶ ಇಟ್ಟಿದ್ದನ್ನು ಎರಡಕ್ಕೆ ಅಥವಾ ಐದಕ್ಕೆ ಏರಿಸಬೇಕು. ಪ್ರತಿ ಅವಕಾಶವೂ ಅಪ್‌ಲಿಂಕ್‌ನ 100 ಬ್ಲಾಕ್‌ಗಳಲ್ಲಿ (ಕ್ಯಾರಿಯರ್‌ನ ಸಣ್ಣ ಪಾಲುಗಳು) ಆರನ್ನು ಆ ಗಳಿಗೆಗೆ ನುಂಗುತ್ತದೆ. ಅದು ಕೊಡಲೇಬೇಕಾದ ಬೆಲೆ.

ಸಸಿಹಿತ್ಲನ್ನೇ ನಕ್ಷೆಯಾಗಿ ಇಟ್ಟುಕೊಳ್ಳೋಣ. ಒಂದು ಬದಿ ಕಡಲು, ಇನ್ನೊಂದು ಬದಿ ಶಾಂಭವಿ–ನಂದಿನಿ ಹೊಳೆಗಳು, ನಡುವೆ ಉದ್ದನೆಯ ಮರಳ ಪಟ್ಟಿ. 20,000 ಜನರ ಅಂದಾಜಿಗೆ ಒಂದು ಕಂಪನಿಯ ಪಾಲು 8,000 ಎನ್ನಿ. ಹತ್ತರಲ್ಲಿ ಒಬ್ಬರು ಏಕಕಾಲಕ್ಕೆ ಬಳಸಿದರೆ 800, ಒಂದು ಸೆಕ್ಟರಿನ ಒಂದು ಕ್ಯಾರಿಯರ್‌ಗೆ 100ರಂತೆ ಎಂಟು ಬೇಕು. ಅಂದರೆ ಗಾಲಿಗಳ ಮೇಲಿನ ಸಂಚಾರಿ ಟವರ್ ಎರಡಾದರೂ ಬರಬೇಕು. ಅವನ್ನು ಜನರ ಬೆನ್ನಿಗೆ ನಿಲ್ಲಿಸಿ ಕಡಲಿಗೆ ಮುಖ ಮಾಡಿಸುವುದು ಸಾಮಾನ್ಯ ತಪ್ಪು. ನೀರಿನ ಮೇಲೆ ತರಂಗ ಬಹಳ ದೂರ ಸಾಗುತ್ತದೆ, ದೂರದ ಗದ್ದಲವೂ ಅದೇ ದಾರಿಯಲ್ಲಿ ಒಳಬರುತ್ತದೆ. ಪಟ್ಟಿಯ ಎರಡು ತುದಿಗಳಲ್ಲಿ ನಿಲ್ಲಿಸಿ ತೀರದ ಉದ್ದಕ್ಕೆ ಕಿರಿದಾದ ಬೀಮ್ ಹಾಯಿಸಿ. 65 ಡಿಗ್ರಿ ಅಗಲದ ಬೀಮಿನ ಸಾಮಾನ್ಯ ಆಂಟೆನಾಕ್ಕಿಂತ 33 ಡಿಗ್ರಿಯದು ಇಲ್ಲಿ ಒಪ್ಪುತ್ತದೆ. ಆಂಟೆನಾ 15 ಮೀಟರ್ ಎತ್ತರದಲ್ಲಿದ್ದು, ಒಂದು ಸೆಕ್ಟರ್ 150 ಮೀಟರಿಗೆ ಮುಗಿಯಬೇಕಿದ್ದರೆ ಕೈಯಲ್ಲಿರುವ ಫೋನಿನ ಎತ್ತರ ಕಳೆದು ಆ ಅಂಚಿಗೆ ಕೋನ ಸುಮಾರು 5 ಡಿಗ್ರಿ. ಅದಕ್ಕೆ ಬೀಮಿನ ಲಂಬ ಅಗಲದ ಅರ್ಧವಾದ 3.5 ಸೇರಿಸಿ 8–9 ಡಿಗ್ರಿ ಕೆಳಕ್ಕೆ ಬಾಗಿಸಿ. ದೊಡ್ಡ ಕ್ರೀಡಾಂಗಣಗಳಲ್ಲಿ ಆಸನದ ಕೆಳಗೇ ಸಣ್ಣ ಆಂಟೆನಾ ಇಡುವುದೂ ಸೆಕ್ಟರಿನ ದನಿ ಹೊರಗೆ ಹರಡದಿರಲೆಂಬ ಇದೇ ಕಾರಣಕ್ಕೆ. ನೀರು ತುಂಬಿದ ಮನುಷ್ಯದೇಹ ಸಿಗ್ನಲನ್ನು ಹೀರುತ್ತದೆ, ಕುಳಿತ ಜನರೇ ಸೆಕ್ಟರುಗಳ ನಡುವಿನ ಗೋಡೆಯಾಗುತ್ತಾರೆ.

ಇಲ್ಲಿಂದ ಮುಂದೆ ನಮ್ಮ ಕರಾವಳಿಯದ್ದೇ ಆದ ತೊಂದರೆ, ಉಪ್ಪು. ಎರಡು ಕ್ಯಾರಿಯರ್‌ಗಳು ತುಕ್ಕು ಹಿಡಿದ ಒಂದು ಜೋಡಣೆಯಲ್ಲಿ ಹಾದರೆ ಬೆರೆತು ಮೂರನೆಯದನ್ನು ಹುಟ್ಟಿಸುತ್ತವೆ. 1810 ಮತ್ತು 1875 ಮೆಗಾಹರ್ಟ್ಸ್ ಬೆರೆತರೆ 1745. ಅದು ನೇರವಾಗಿ 1800 ಪಟ್ಟಿಯ ಅಪ್‌ಲಿಂಕ್ ಒಳಗೇ ಬೀಳುತ್ತದೆ. ಇದನ್ನು ನಾವು ಪಿಮ್ ಎನ್ನುತ್ತೇವೆ. ರೇಡಿಯೊ ಮತ್ತು ಆಂಟೆನಾ ನಡುವಿನ ಗಿಡ್ಡ ಜಂಪರ್ ಕೇಬಲ್ಲಿನ ಕನೆಕ್ಟರ್ ಬಿಚ್ಚಿ ನೋಡಿ. ಥ್ರೆಡ್ಡಿನ ಸಂದಿಯಲ್ಲಿ ಬಿಳಿ ಪುಡಿ, ಹಿತ್ತಾಳೆಯ ಅಂಚಿನಲ್ಲಿ ಹಸಿರು ಕಿಟ್ಟ ಕಂಡರೆ ಆ ಜಂಪರ್ ಬದಲಿಸಿ, ಉಜ್ಜಿ ಮತ್ತೆ ಹಾಕಬೇಡಿ. ಹೊಸದನ್ನೂ ಐಸೊಪ್ರೊಪೈಲ್ ಆಲ್ಕೊಹಾಲ್ ಹಾಕಿದ, ನಾರು ಬಿಡದ ಬಟ್ಟೆಯಿಂದ ಒರೆಸಿಯೇ ಕೂರಿಸಬೇಕು. ಬಿಗಿಯುವುದು ಟಾರ್ಕ್ ಸ್ಪ್ಯಾನರಿನಲ್ಲೇ. ದೊಡ್ಡ 7/16 ಡಿನ್ ಕನೆಕ್ಟರಿಗೆ 25–30 ನ್ಯೂಟನ್ ಮೀಟರ್, ಚಿಕ್ಕ, ತಿರುಪಿನ 4.3-10 ಕನೆಕ್ಟರಿಗೆ ಕೇವಲ 5. ದೊಡ್ಡದರ ಕೈಬಲವನ್ನು ಚಿಕ್ಕದರ ಮೇಲೆ ತೋರಿಸಿದರೆ ಅದು ಹಾಳಾಗುತ್ತದೆ. ಆಮೇಲೆ ನೀರು ತಡೆಯುವ ಬ್ಯುಟೈಲ್ ಟೇಪ್. ಕೊನೆಯ ಸುತ್ತು ಕೆಳಗಿನಿಂದ ಮೇಲಕ್ಕೆ, ಅರ್ಧರ್ಧ ಒಂದರ ಮೇಲೊಂದು, ಮಂಗಳೂರು ಹಂಚು ಹೊದಿಸುವ ಕ್ರಮದಲ್ಲೇ. ತಿರುಗಾಮುರುಗಾ ಸುತ್ತಿದರೆ ಮಳೆ ನೀರು ಮಡಿಕೆಯೊಳಗೆ ನಿಲ್ಲುತ್ತದೆ. 20 ವಾಟ್‌ನ ಎರಡು ಕ್ಯಾರಿಯರ್ ಹಾಕಿ ಪರೀಕ್ಷಿಸಿದಾಗ ಪಿಮ್ ಮೈನಸ್ 110 ಡಿಬಿಎಂ (ಸಿಗ್ನಲ್ ಬಲದ ಅಳತೆ, ಮೈನಸ್ ಅಂಕಿ ದೊಡ್ಡದಾದಷ್ಟೂ ಬಲ ಕಡಿಮೆ) ಅಥವಾ ಅದಕ್ಕಿಂತ ಕೆಳಗಿರಬೇಕು. ಕೇಬಲ್ಲನ್ನು ತಟ್ಟಿದಾಗ ಅಂಕಿ ಕುಣಿದರೆ ಜೋಡಣೆ ಇನ್ನೂ ಸಡಿಲ.

ಆಂಟೆನಾ ಎದುರಿಗೆ ಹಿಂದಿನ ದಿನ ಎದ್ದುನಿಂತ ಕಬ್ಬಿಣದ ಗ್ಯಾಲರಿ, ತುಕ್ಕಿನ ಕ್ಲ್ಯಾಂಪಿನ ಪೈಪು, ತಗಡಿನ ಮಾಡು ಕೂಡ ಇದೇ ಕೆಲಸ ಮಾಡುತ್ತವೆ. ಹಾಗಾಗಿ ಪರೀಕ್ಷೆ ಒಂದು ವಾರ ಮೊದಲು ಒಮ್ಮೆ, ಗ್ಯಾಲರಿ ಕಟ್ಟಿದ ಮೇಲೆ ಇನ್ನೊಮ್ಮೆ.

ಅಪ್‌ಲಿಂಕ್ ಗದ್ದಲ ಏರಿದಾಗ ಕಾರಣ ಹುಡುಕಲು ಒಂದು ದಾರಿ ಇದೆ. ಏನೂ ಇಲ್ಲದಾಗ ಒಂದು ಬ್ಲಾಕಿನ ಗದ್ದಲ ಮೈನಸ್ 118 ಡಿಬಿಎಂ ಆಸುಪಾಸಿನಲ್ಲಿರುತ್ತದೆ. ರಾತ್ರಿ ಮೂರಕ್ಕೆ ಖಾಲಿ ಸೈಟಿನ ಡೌನ್‌ಲಿಂಕ್‌ಗೆ ಕೃತಕ ಲೋಡ್ ಹಾಕಿ. ಅಂಕಿ ಜೊತೆಗೇ ಮೇಲೇರಿದರೆ ಪಿಮ್. ಗಾಳಿಯಿಲ್ಲದ ಬಿಸಿಲ ದಿನದ ಸಂಜೆ, ಕಡಲಿಗೆ ಮುಖ ಮಾಡಿದ ಸೆಕ್ಟರುಗಳೆಲ್ಲ ಒಟ್ಟಿಗೆ ಏರಿದರೆ ಅದು ಡಕ್ಟಿಂಗ್. ನೀರಿನ ಮೇಲಿನ ತೇವದ ಪದರ ಕೊಳವೆಯಂತಾಗಿ 100 ಕಿ.ಮೀ.ಗೂ ಆಚೆಯ ಕಣ್ಣೂರು, ಭಟ್ಕಳ ಕಡೆಯ ಟವರಿನ ದನಿಯನ್ನು ಇಲ್ಲಿಗೆ ತರುತ್ತದೆ. 2300 ಮೆಗಾಹರ್ಟ್ಸ್‌ನ 4ಜಿಯಲ್ಲೂ ಹೋಗಲು, ಬರಲು ಒಂದೇ ತರಂಗಾಂತರ. ಅಲ್ಲಿ ಡೌನ್‌ಲಿಂಕ್ ಮುಗಿದು ಅಪ್‌ಲಿಂಕ್ ಶುರುವಾಗುವ ನಡುವಿನ ಮೌನ 2 ಚಿಹ್ನೆಗಳಷ್ಟಿದ್ದರೆ (ಚಿಹ್ನೆ ಅಂದರೆ ಸಿಂಬಲ್, ಸಮಯದ ಅತಿ ಸಣ್ಣ ತುಣುಕು), ಅಷ್ಟರಲ್ಲಿ ತರಂಗ ಕ್ರಮಿಸುವುದು ಸುಮಾರು 43 ಕಿ.ಮೀ. ಅದಕ್ಕಿಂತ ದೂರದ್ದು ನಮ್ಮ ಅಪ್‌ಲಿಂಕ್ ಮೇಲೆ ಬೀಳುತ್ತದೆ. ಮೌನವನ್ನು 9 ಚಿಹ್ನೆಗಳಿಗೆ ಹಿಗ್ಗಿಸಿದರೆ ರಕ್ಷಣೆ 190 ಕಿ.ಮೀ. ದಾಟುತ್ತದೆ. ಸ್ವಲ್ಪ ಡೌನ್‌ಲಿಂಕ್ ಹೋಗುತ್ತದೆ, ಹೋಗಲಿ. ನಮ್ಮ ಅಪ್‌ಲಿಂಕ್ ಉಳಿಯಬೇಕಾದರೆ ದನಿ ಬರುತ್ತಿರುವ ಆ ದೂರದ ಟವರುಗಳಲ್ಲೂ ಈ ಬದಲಾವಣೆ ಆಗಬೇಕು. ಆದ್ದರಿಂದ ಆ ವಲಯದವರ ಜೊತೆ ಮೊದಲೇ ಮಾತಾಗಿರಬೇಕು.

ಸಸಿಹಿತ್ಲಿನ ಸ್ಪರ್ಧೆ ಮೇ ಕೊನೆ, ಜೂನ್ ಮೊದಲಿಗೆ, ಮುಂಗಾರಿನ ಹೊಸ್ತಿಲಲ್ಲಿ. ಟವರನ್ನು ಮುಖ್ಯ ಜಾಲಕ್ಕೆ ಜೋಡಿಸಲು, ವೇಗ ಹೆಚ್ಚೆಂದು 80 ಗಿಗಾಹರ್ಟ್ಸ್ ಮೈಕ್ರೋವೇವ್ ಲಿಂಕ್ ನಂಬಿದರೆ ಕೆಟ್ಟಿರಿ. ಗಂಟೆಗೆ 100 ಮಿ.ಮೀ. ಲೆಕ್ಕದ ಮಳೆ ಹೊಡೆದರೆ ಪ್ರತಿ ಕಿಲೋಮೀಟರಿಗೆ ಸುಮಾರು 30 ಡಿಬಿ ಹೋಗುತ್ತದೆ, ಅಂದರೆ ಸಿಗ್ನಲ್ ಸಾವಿರದಲ್ಲಿ ಒಂದು ಪಾಲಿಗೆ ಇಳಿಯುತ್ತದೆ. 2 ಕಿ.ಮೀ. ಲಿಂಕ್ ಅಲ್ಲಿಗೇ ಸತ್ತಿತು. 15 ಗಿಗಾಹರ್ಟ್ಸ್‌ನಲ್ಲಿ ನಷ್ಟ ಕಿಲೋಮೀಟರಿಗೆ 8 ಡಿಬಿಯಷ್ಟು, ತಡೆದುಕೊಳ್ಳಬಹುದು. ಆದರೆ 28 ಮೆಗಾಹರ್ಟ್ಸ್ ಚಾನೆಲಿನಲ್ಲಿ ಸಾಗುವುದು 150–200 ಎಂಬಿಪಿಎಸ್ ಮಾತ್ರ. ಹಾಗಾಗಿ ಫೈಬರ್ ಮುಖ್ಯ, 15 ಗಿಗಾಹರ್ಟ್ಸ್ ಆಪತ್ತಿಗೆ. ಎರಡು ಫೈಬರ್ ಇದೆ ಎಂದು ಕಾಗದ ಹೇಳಿದರೂ ಹಳೆಯಂಗಡಿಯಿಂದ ಬರುವ ದಾರಿಯನ್ನು ನಡೆದು ನೋಡಿ. ಎರಡೂ ಒಂದೇ ಕಾಲುವೆಯಲ್ಲಿದ್ದರೆ ಜೆಸಿಬಿಯ ಒಂದೇ ಹಲ್ಲು ಸಾಕು.

ವಿದ್ಯುತ್ತಿನ ಲೆಕ್ಕ ಸರಳ. 4.5 ಕಿಲೋವಾಟ್ ಎಳೆಯುವ ಸಂಚಾರಿ ಟವರಿಗೆ 48 ವೋಲ್ಟ್, 300 ಆಂಪಿಯರ್ ಅವರ್ ಲಿಥಿಯಂ ಬ್ಯಾಟರಿ, ಪೂರ್ತಿ ಬರಿದು ಮಾಡದೆ ಬಳಸಿದರೆ, ಎರಡೂವರೆ ಗಂಟೆ ಬರುತ್ತದೆ. 15 ಕೆವಿಎ ಜನರೇಟರ್ ಎತ್ತರದ ನೆಲದಲ್ಲಿರಲಿ, ಡೀಸೆಲ್ ಟ್ಯಾಂಕರ್ ಜನರ ನಡುವೆ ನುಗ್ಗಬೇಕಾಗದ ಹಾಗೆ ಬೆಳಿಗ್ಗೆಯೇ ತುಂಬಿಸಿ.

ಎಲ್ಲ ಮಾಡಿಯೂ ಸೆಕ್ಟರ್ ಉಸಿರುಗಟ್ಟಿದರೆ ಪ್ರವೇಶ ನಿರ್ಬಂಧ ಹಾಕಬೇಕಾಗುತ್ತದೆ. ಸಾಮಾನ್ಯ ಸಿಮ್‌ಗಳು 0ರಿಂದ 9ರ ವರ್ಗದಲ್ಲಿರುತ್ತವೆ, ಭದ್ರತೆ, ತುರ್ತು ಸೇವೆ ಮುಂತಾದವರಿಗೆ 11ರಿಂದ 15ರ ವಿಶೇಷ ವರ್ಗಗಳಿವೆ. ಸಾಮಾನ್ಯ ವರ್ಗಕ್ಕೆ ಅರ್ಧದಷ್ಟು ತಡೆ ಸಾಕು. ತುರ್ತು ಕರೆಗೆ ಪ್ರತ್ಯೇಕ ಸ್ವಿಚ್ ಇದೆ, ಅದನ್ನು ಯಾವ ಕಾರಣಕ್ಕೂ ಮುಟ್ಟಬಾರದು. ಅಲೆಗೆ ಸಿಕ್ಕಿದವರ ಮನೆಯವರು 112 ಒತ್ತಿದಾಗ ಅದು ಹೋಗಲೇಬೇಕು.

ಮನೆಯಲ್ಲಿ ಕೂತು ನೋಡುವವರ ಕಥೆ ಬೇರೆ. 2023ರ ನವೆಂಬರ್ 19ರ ವಿಶ್ವಕಪ್ ಫೈನಲನ್ನು ಒಂದೇ ಹೊತ್ತಿಗೆ 5.9 ಕೋಟಿ ಮಂದಿ ಆ್ಯಪ್‌ನಲ್ಲಿ ನೋಡಿದರು. ಅಲ್ಲಿ ಹೊರೆಯೆಲ್ಲ ಡೌನ್‌ಲಿಂಕ್ ಮೇಲೆ, ವಿಡಿಯೊದ ಪ್ರತಿಯನ್ನು ಊರಿಗೆ ಹತ್ತಿರ ಇಟ್ಟುಕೊಂಡು ಹಂಚುವ ಕ್ಯಾಶ್ (cache) ಸರ್ವರಿನ ಮೇಲೆ. ಅಂಥ ದಿನ ಮಂಗಳೂರಿನ ಬಿಜೈ, ಕದ್ರಿಯ ವಸತಿ ಸೆಕ್ಟರುಗಳಲ್ಲಿ ಸೆಟ್ಟಿಂಗ್ ಬದಲಿಸುವ ಯಾವ ಪ್ಯಾರಾಮೀಟರ್ ಕೆಲಸವನ್ನೂ ಇಟ್ಟುಕೊಳ್ಳಬೇಡಿ.

ಕೂಟ ಮುಗಿದ ರಾತ್ರಿಯೇ ಬದಲಿಸಿದ್ದನ್ನೆಲ್ಲ ಪಟ್ಟಿ ನೋಡಿ ಹಿಂದಕ್ಕೆ ಹಾಕಿ, ಮೊದಲು ಪ್ರವೇಶ ನಿರ್ಬಂಧ, ಆಮೇಲೆ ಉಳಿದದ್ದು. ಇಳಿಸಿದ ಆಂಟೆನಾ, ಜಂಪರುಗಳ ಬಾಯಿಗೆ ಕ್ಯಾಪ್ ಹಾಕಿ, ಸಿಹಿನೀರಿನ ಒದ್ದೆ ಬಟ್ಟೆಯಿಂದ ಉಪ್ಪು ಒರೆಸಿ ಒಣಗಿಸಿಯೇ ಗೋಡೌನಿಗೆ ಸೇರಿಸಿ.