ಮೂಗಿನ ಅಳತೆ ಮತ್ತು ಕಣಜದ ಗೂಡು

ಕಾಸರಗೋಡಿನ ಕುಂಬಳೆಯ ಸಮೀಪದ ಕನ್ನಡ ಮಾಧ್ಯಮ ಶಾಲೆಯೊಂದರಲ್ಲಿ ಜೀವಶಾಸ್ತ್ರ ಕಲಿಸುತ್ತಿದ್ದ ವರ್ಷಗಳಲ್ಲಿ, ಜೇನುನೊಣದ ಪಾಠ ಬಂದಾಗಲೆಲ್ಲ ಒಂದು ಪದ ನನಗೆ ತೊಡಕಾಗುತ್ತಿತ್ತು. ರಾಣಿ, ಕೆಲಸಗಾರ ನೊಣ ಎಂಬ ವಿಭಾಗಗಳಿಗೆ ಕೀಟವಿಜ್ಞಾನದಲ್ಲಿ ‘ಕಾಸ್ಟ್’ ಎಂದೇ ಹೆಸರು. ಅದನ್ನು ‘ಜಾತಿ’ ಎಂದು ಹೇಳಿದ ದಿನ ಹಿಂದಿನ ಬೆಂಚಿನ ಹುಡುಗಿಯೊಬ್ಬಳು, “ಹಾಗಾದರೆ ನೊಣಗಳಿಗೂ ಹುಟ್ಟಿನಿಂದಲೇ ಜಾತಿಯಾ ಸರ್?” ಎಂದು ಕೇಳಿದಳು. ಅಲ್ಲ, ಒಂದೇ ಬಗೆಯ ಮೊಟ್ಟೆಯಿಂದ ಬಂದ ಮರಿಹುಳುಗಳಲ್ಲಿ ಯಾವುದು ರಾಣಿಯಾಗಬೇಕು ಎಂಬುದು ಅದಕ್ಕೆ ಉಣಿಸುವ ಆಹಾರದಿಂದ ತೀರ್ಮಾನವಾಗುತ್ತದೆ ಎಂದು ಉತ್ತರಿಸಿದೆ. ಆದರೆ ಪೋರ್ಚುಗೀಸರ ‘ಕಾಸ್ತಾ’ದಿಂದ ಬಂದು ನಮ್ಮ ಸಮಾಜದ ಮೇಲೆ ಕುಳಿತ ಪದವೊಂದು ಜೇನುಗೂಡಿನೊಳಗೂ ಹೊಕ್ಕಿರುವಾಗ, ಜೀವವಿಜ್ಞಾನಕ್ಕೂ ಹುಟ್ಟಿನ ಮೇಲುಕೀಳಿನ ಕಲ್ಪನೆಗೂ ಇದ್ದ ನಂಟು ಎಷ್ಟು ಹಳೆಯದು ಎಂಬ ಪ್ರಶ್ನೆ ನನ್ನೊಳಗೆ ಹಾಗೆಯೇ ಉಳಿಯಿತು.

ಆ ನಂಟಿನ ಒಂದು ಎಳೆ ನಮ್ಮ ಊರಿನ ತನಕ ಬರುತ್ತದೆ. ಕಾಸರಗೋಡು 1956ರ ನವೆಂಬರ್ 1ರವರೆಗೆ ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕಾಗಿ ಮದ್ರಾಸಿನ ಆಡಳಿತದಲ್ಲಿತ್ತು. ಆ ಮದ್ರಾಸಿನ ಸರಕಾರಿ ವಸ್ತುಸಂಗ್ರಹಾಲಯಕ್ಕೆ 1885ರಲ್ಲಿ ಮುಖ್ಯಸ್ಥರಾಗಿ ಬಂದ ಎಡ್ಗರ್ ಥರ್ಸ್ಟನ್, ಅಳತೆಯ ಉಪಕರಣಗಳನ್ನು ಹೊತ್ತು ಊರೂರು ಸುತ್ತಿ ಜನರ ತಲೆ, ಮೂಗು, ಎತ್ತರಗಳನ್ನು ಅಳೆದರು. ದಕ್ಷಿಣ ಭಾರತದ ಜಾತಿ, ಬುಡಕಟ್ಟುಗಳ ಕುರಿತು ಕೆ. ರಂಗಾಚಾರಿಯವರ ನೆರವಿನೊಂದಿಗೆ ಅವರು ಸಿದ್ಧಪಡಿಸಿದ ಏಳು ಸಂಪುಟಗಳು 1909ರಲ್ಲಿ ಹೊರಬಂದವು. ಅಳೆಸಿಕೊಂಡವರು ಇದನ್ನು ಹೇಗೆ ಕಂಡರು ಎಂಬುದನ್ನೂ ಅವರೇ ದಾಖಲಿಸಿದ್ದಾರೆ: ತಮ್ಮಲ್ಲಿ ಚೆಂದದವರನ್ನು ಹಿಡಿದು, ಒಳಗೆ ಹುಲ್ಲು ತುಂಬಿಸಿ ಮದ್ರಾಸಿನಲ್ಲಿ ನಿಲ್ಲಿಸುತ್ತಾರೆಂದು ವಯನಾಡಿನ ಪಣಿಯ ಹೆಂಗಸರು ಹೆದರಿದ್ದರಂತೆ; ಎತ್ತರ ಅಳೆಯುವ ಕಂಬವನ್ನು ಇರುಳರವನೊಬ್ಬ ಗಲ್ಲುಗಂಬವೆಂದೇ ತಿಳಿದಿದ್ದನಂತೆ. ಥರ್ಸ್ಟನ್ ಇದನ್ನು ತಮಾಷೆಯಾಗಿ ಬರೆದಿದ್ದಾರೆ. ನನಗೆ ಆ ಭಯದಲ್ಲಿ ಸಾಕಷ್ಟು ವಿವೇಕವೇ ಕಾಣುತ್ತದೆ.

ಅಳತೆಯ ಲೆಕ್ಕ ಬಹಳ ಸರಳವಾಗಿತ್ತು. ಮೂಗಿನ ಅಗಲವನ್ನು ನೂರರಿಂದ ಗುಣಿಸಿ ಉದ್ದದಿಂದ ಭಾಗಿಸಿದರೆ ಸಿಗುವ ಸಂಖ್ಯೆಯೇ ನಾಸಿಕ ಸೂಚ್ಯಂಕ. ಅದು 70ಕ್ಕಿಂತ ಕಡಿಮೆಯಿದ್ದರೆ ಕಿರಿದಾದ ಮೂಗು, 85ಕ್ಕಿಂತ ಹೆಚ್ಚಿದ್ದರೆ ಅಗಲ ಮೂಗು, ನಡುವಿನದು ಮಧ್ಯಮ. 45 ಮಿಲಿಮೀಟರ್ ಉದ್ದದ ಮೂಗಿನ ಅಗಲ 38 ಮಿಲಿಮೀಟರ್ ಎಂದಾದರೆ ಸೂಚ್ಯಂಕ 84.4, ಅಂದರೆ ಮಧ್ಯಮ. ಅಳೆಯುವವನ ಕೈ ಒಂದೇ ಮಿಲಿಮೀಟರ್ ಜಾರಿ 39 ಎಂದು ಬರೆದುಕೊಂಡರೆ 86.7, ಮನುಷ್ಯನ ವರ್ಗವೇ ಬದಲಾಯಿತು. ಇಂತಹ ಸಂಖ್ಯೆಗಳ ಮೇಲೆ ನಿಂತು, 1901ರ ಜನಗಣತಿಯ ಆಯುಕ್ತರಾಗಿದ್ದ ಹರ್ಬರ್ಟ್ ರಿಸ್ಲಿ, ಪೂರ್ವ ಭಾರತದಲ್ಲಿ ವ್ಯಕ್ತಿಯ ಸಾಮಾಜಿಕ ಸ್ಥಾನ ಅವನ ಮೂಗಿನ ಅಗಲಕ್ಕೆ ವಿಲೋಮವಾಗಿರುತ್ತದೆ ಎಂಬುದನ್ನು ನಿಯಮವೆಂದೇ ಹೇಳಿದರು. ಮೂಗಿನ ಅಗಲಕ್ಕೂ ಉಸಿರಾಡುವ ಗಾಳಿಯ ಬಿಸಿ, ತೇವಾಂಶಗಳಿಗೂ ಸಂಬಂಧವಿದೆಯೆಂದು ಮುಂದೆ ತಿಳಿದುಬಂತು.

ಥರ್ಸ್ಟನ್‌ರ ಸಂಪುಟಗಳಲ್ಲಿ ನಮ್ಮ ಕೊರಗರೂ ಇದ್ದಾರೆ. ಅವರಿಗಿಂತ ಮೊದಲೇ, 1875ರಲ್ಲಿ, ವಾಲ್‌ಹೌಸ್ ಎಂಬ ಅಧಿಕಾರಿ ಕೊರಗರನ್ನು ಪಶ್ಚಿಮ ಕರಾವಳಿಯ ‘ಎಲೆ ಉಡುವ ಬುಡಕಟ್ಟು’ ಎಂದು ವರ್ಣಿಸಿದ್ದರು. ಬುಟ್ಟಿ ಹೆಣೆಯುವ ಈ ಜನ ಎಲ್ಲಿ ನಡೆಯಬೇಕು, ಏನು ಉಣ್ಣಬೇಕು ಎಂಬುದನ್ನು ಭೂಮಿಯ ಒಡೆತನವಿದ್ದವರು ನಿರ್ಧರಿಸುತ್ತಿದ್ದ ಸಮಾಜವದು. ಊಟದಲ್ಲಿ ಕೂದಲು, ಉಗುರು ಬೆರೆಸಿ ಕೊರಗರಿಗೆ ತಿನ್ನಿಸುವ ಅಜಲು ಪದ್ಧತಿಯನ್ನು ನಿಷೇಧಿಸಲು ಕರ್ನಾಟಕ 2000ದಲ್ಲಿ ಕಾನೂನನ್ನೇ ಮಾಡಬೇಕಾಯಿತು. ಹೊರಗಿನಿಂದ ಹೇರಿದ ಬಾಳುವೆಯನ್ನು ಒಂದು ಜನಾಂಗದ ಸ್ವಭಾವವೆಂದು ಬರೆದುಕೊಳ್ಳುವ ತಪ್ಪು ಆ ಕಾಲದ ಪುಸ್ತಕಗಳ ಉದ್ದಕ್ಕೂ ಇದೆ.

ಇದಕ್ಕೆ ವಿಕಾಸವಾದದ ಮುದ್ರೆ ಬಿದ್ದದ್ದು ಹೇಗೆ? ಡಾರ್ವಿನ್ 1859ರಲ್ಲಿ ಮುಂದಿಟ್ಟದ್ದು ಕವಲೊಡೆಯುವ ಮರದ ಚಿತ್ರ. ಓದಿದ ಹಲವರು ಅದನ್ನು ಏಣಿಯಾಗಿ ಮಾಡಿಕೊಂಡು, ತಮ್ಮನ್ನು ಮೇಲಿನ ಮೆಟ್ಟಿಲಲ್ಲೂ ಉಳಿದವರನ್ನು ಕೆಳಗಿನ ಮೆಟ್ಟಿಲುಗಳಲ್ಲೂ ಕೂರಿಸಿದರು. ಡಾರ್ವಿನ್ನರ ಬರಹದಲ್ಲೂ ಏಣಿಯ ನೆರಳು ಅಲ್ಲಲ್ಲಿ ಬೀಳುತ್ತದೆ ಎಂಬುದನ್ನು ಒಪ್ಪಿಕೊಳ್ಳಬೇಕು. ಅವರ ಬಂಧು ಫ್ರಾನ್ಸಿಸ್ ಗಾಲ್ಟನ್ 1883ರಲ್ಲಿ ಉತ್ತಮ ತಳಿಯ ಮನುಷ್ಯರನ್ನು ಬೆಳೆಸುವ ‘ಯುಜೆನಿಕ್ಸ್’ ಎಂಬ ಹೆಸರನ್ನು ಟಂಕಿಸಿದರು.

ಏಣಿಯನ್ನು ಅಲುಗಿಸಿದವರು ಅದೇ ಅಳತೆಯ ಉಪಕರಣ ಹಿಡಿದವರು. ಮಾನವಶಾಸ್ತ್ರಜ್ಞ ಫ್ರಾಂಜ್ ಬೋವಾಸ್ ನ್ಯೂಯಾರ್ಕಿನಲ್ಲಿ ಸುಮಾರು 18,000 ವಲಸಿಗರನ್ನೂ ಅವರ ಮಕ್ಕಳನ್ನೂ ಅಳೆದು, ಬದಲಾಗದ ಜನಾಂಗ ಲಕ್ಷಣವೆಂದು ನಂಬಲಾಗಿದ್ದ ತಲೆಯ ಆಕಾರ ಒಂದೇ ಪೀಳಿಗೆಯಲ್ಲಿ ಬದಲಾಗುತ್ತದೆಂದು ತೋರಿಸಿದರು. 1920ರ ದಶಕದ ಕೊನೆಗೆ ಬರ್ಲಿನ್ನಿನಲ್ಲಿ ಯುಜೆನಿಕ್ಸ್ ಪ್ರತಿಪಾದಕ ಓಯ್ಗನ್ ಫಿಶರ್ ಅವರ ಕೈಕೆಳಗೆ ಸಂಶೋಧನೆ ಮಾಡುತ್ತಿದ್ದ ಇರಾವತಿ ಕರ್ವೆ ಅವರಿಗೆ ವಹಿಸಿದ ಕೆಲಸ, ತಲೆಬುರುಡೆಯ ಎಡಬಲಗಳ ವ್ಯತ್ಯಾಸ ಯುರೋಪಿಯನ್ನರಲ್ಲಿ ವಿಶೇಷವಾಗಿದೆಯೇ ಎಂದು ನೋಡುವುದು. 149 ಬುರುಡೆಗಳನ್ನು ಅಳೆದ ಅವರು, ಜನಾಂಗಕ್ಕೂ ಆ ವ್ಯತ್ಯಾಸಕ್ಕೂ ಸಂಬಂಧವಿಲ್ಲವೆಂದು ಮಾರ್ಗದರ್ಶಕರ ಎದುರಿಗೇ ಬರೆದುಕೊಟ್ಟರು. ಅಂಬೇಡ್ಕರ್ 1948ರಲ್ಲಿ ಇನ್ನೂ ನೇರವಾದ ದಾರಿ ಹಿಡಿದರು: ಅದೇ ಮೂಗಿನ ಅಂಕಿಅಂಶಗಳನ್ನು ಮುಂದಿಟ್ಟುಕೊಂಡು, ಬ್ರಾಹ್ಮಣರೂ ಅಸ್ಪೃಶ್ಯರೂ ಬೇರೆ ಬೇರೆ ಜನಾಂಗದವರೆಂಬ ವಾದ ಆ ಅಂಕಿಗಳಿಂದಲೇ ಬಿದ್ದುಹೋಗುತ್ತದೆ ಎಂದರು.

1972ರಲ್ಲಿ ತಳಿವಿಜ್ಞಾನಿ ರಿಚರ್ಡ್ ಲೆವೊಂಟಿನ್ ರಕ್ತದ ಗುಂಪು ಮತ್ತು ಪ್ರೋಟೀನುಗಳ ಮಾಹಿತಿಯನ್ನು ಲೆಕ್ಕಹಾಕಿ, ಮನುಷ್ಯರ ಆನುವಂಶಿಕ ವೈವಿಧ್ಯದ ಸುಮಾರು 85 ಶೇಕಡಾ ಒಂದೊಂದು ಜನಸಮುದಾಯದ ಒಳಗೇ ಇದೆಯೆಂದೂ, ‘ಜನಾಂಗ’ಗಳ ನಡುವಿನ ಪಾಲು ಸುಮಾರು 6 ಶೇಕಡಾ ಮಾತ್ರವೆಂದೂ ತೋರಿಸಿದರು. ಹಲವು ಜೀನುಗಳನ್ನು ಒಟ್ಟಿಗೆ ನೋಡಿದರೆ ವ್ಯಕ್ತಿಯ ಮೂಲಪ್ರದೇಶವನ್ನು ಊಹಿಸಬಹುದೆಂದು 2003ರಲ್ಲಿ ತಳಿವಿಜ್ಞಾನಿ ಎಡ್ವರ್ಡ್ಸ್ ಆಕ್ಷೇಪಿಸಿದ್ದು ಸರಿಯೇ. ಆದರೆ ಎಲ್ಲಿಂದ ಬಂದವರು ಎಂಬುದಕ್ಕೂ ಯಾರು ಮೇಲು ಎಂಬುದಕ್ಕೂ ಅದರಿಂದ ಸೇತುವೆ ಕಟ್ಟಲಾಗದು.

1975ರಲ್ಲಿ, ಲೆವೊಂಟಿನ್ ಅವರ ಹಾರ್ವರ್ಡ್ ಸಹೋದ್ಯೋಗಿ, ಇರುವೆಗಳ ತಜ್ಞ ಇ. ಒ. ವಿಲ್ಸನ್, ಪ್ರಾಣಿಗಳ ಸಾಮಾಜಿಕ ವರ್ತನೆಯ ಕುರಿತ ಬೃಹತ್ ಗ್ರಂಥದ ಕೊನೆಯ ಅಧ್ಯಾಯದಲ್ಲಿ ಮನುಷ್ಯರನ್ನೂ ತಂದಾಗ, ಇದು ಸಮಾಜದ ಮೇಲುಕೀಳಿಗೆ ಜೀವವಿಜ್ಞಾನದ ಸಮರ್ಥನೆಯಾಗುತ್ತದೆಂದು ದೊಡ್ಡ ಜಗಳವೆದ್ದಿತು. 1978ರ ಸಭೆಯೊಂದರಲ್ಲಿ ಪ್ರತಿಭಟನಕಾರರು ಅವರ ತಲೆಗೆ ನೀರು ಸುರಿದರು. ವಿಮರ್ಶಕರು ಅತಿರೇಕಕ್ಕೆ ಹೋದರೆಂಬ ಅಭಿಪ್ರಾಯ ಬಹುಕಾಲ ಚಾಲ್ತಿಯಲ್ಲಿತ್ತು. ವಿಲ್ಸನ್ 2021ರ ಡಿಸೆಂಬರಿನಲ್ಲಿ ತೀರಿಕೊಂಡರು. ಕೆನಡಾದ ಮನೋವಿಜ್ಞಾನಿ ಫಿಲಿಪ್ ರಶ್ಟನ್ ಅವರ ಜನಾಂಗ ಸಿದ್ಧಾಂತವನ್ನು ವಿಲ್ಸನ್ ಖಾಸಗಿಯಾಗಿ ಬೆಂಬಲಿಸಿದ ಪತ್ರಗಳು ಮರುವರ್ಷವೇ ಬೆಳಕಿಗೆ ಬಂದವು. ರಶ್ಟನ್ ಎರವಲು ಪಡೆದದ್ದು, ಪರಿಸರ ವಿಜ್ಞಾನಿ ಮ್ಯಾಕ್‌ಆರ್ಥರ್ ಜತೆ ವಿಲ್ಸನ್ 1967ರಲ್ಲಿ ದ್ವೀಪಗಳ ಜೀವಿಗಳ ಬಗ್ಗೆ ರೂಪಿಸಿದ, ಹೆಚ್ಚು ಮರಿ ಹಾಕುವ ಮತ್ತು ಕಡಿಮೆ ಮರಿಗಳನ್ನು ಜತನದಿಂದ ಸಾಕುವ ತಂತ್ರಗಳ ವಿಚಾರವನ್ನು. ಅದರಿಂದ ರಶ್ಟನ್ ಮಾನವ ಜನಾಂಗಗಳನ್ನು ಶ್ರೇಣೀಕರಿಸಿದರು. ಹಣ್ಣುನೊಣಗಳ ಮುಪ್ಪಿನ ಮೇಲೆ ಪ್ರಯೋಗ ನಡೆಸಿದ್ದ ವಿಕಾಸ ಜೀವವಿಜ್ಞಾನಿ ಜೋಸೆಫ್ ಗ್ರೇವ್ಸ್ 2002ರಲ್ಲಿ ಇದನ್ನು ಬಿಡಿಸಿ ನೋಡಿದಾಗ, ರಶ್ಟನ್ ಸಿದ್ಧಾಂತವನ್ನು ತಲೆಕೆಳಗಾಗಿ ಓದಿದ್ದರೆಂಬುದು ಹೊರಬಿತ್ತು: ಮೂಲ ಸಿದ್ಧಾಂತದ ಪ್ರಕಾರ ಕಡಿಮೆ ಮರಿಗಳ ತಂತ್ರ ವಿಕಾಸವಾಗಬೇಕಾದದ್ದು ಉಷ್ಣವಲಯದಲ್ಲಿ, ರಶ್ಟನ್ ಹೇಳಿದಂತೆ ಚಳಿಯ ನಾಡುಗಳಲ್ಲಲ್ಲ. ಅಷ್ಟರೊಳಗೆ ಪರಿಸರ ವಿಜ್ಞಾನಿಗಳು ಆ ಸರಳ ವಿಂಗಡಣೆಯನ್ನೇ ಬಹುಮಟ್ಟಿಗೆ ಕೈಬಿಟ್ಟಿದ್ದರು.

ಈ ಜಗಳದಿಂದ ದೂರ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರಾಘವೇಂದ್ರ ಗದಗ್‌ಕರ್ ದಶಕಗಳ ಕಾಲ ನೋಡುತ್ತಿದ್ದದ್ದು ರೋಪಾಲಿಡಿಯಾ ಮಾರ್ಜಿನೇಟಾ ಎಂಬ ಕಣಜವನ್ನು. ಮಾಡಿನ ಅಡಿಯಲ್ಲಿ ಕಾಗದದಂತಹ ತೆಳುಗೂಡು ತೂಗಾಡುವುದನ್ನು ನೋಡದ ಕರಾವಳಿಯ ಮನೆಯಿಲ್ಲ. ಇದೂ ಅಂತಹ ಗೂಡು ಕಟ್ಟುವ ಬಳಗದ್ದೇ. ಇದರ ರಾಣಿಗೂ ಕೆಲಸಗಾರರಿಗೂ ಮೈಕಟ್ಟಿನಲ್ಲಿ ವ್ಯತ್ಯಾಸವಿಲ್ಲ, ರಾಣಿಯೋ ತೀರಾ ಸಾಧು. ಅದನ್ನು ತೆಗೆದರೆ ಕೆಲಸಗಾರರಲ್ಲೊಂದು ಕೂಡಲೇ ಉಳಿದವುಗಳ ಮೇಲೆ ಏರಿಹೋಗತೊಡಗಿ, ಕೆಲವು ದಿನಗಳಲ್ಲಿ ತಾನೇ ಮೊಟ್ಟೆಯಿಡುವ ರಾಣಿಯಾಗಿ ಮತ್ತೆ ಸಾಧುವಾಗುತ್ತದೆ. ಮುಂದಿನ ರಾಣಿ ಯಾರೆಂದು ನೋಡುವ ಮನುಷ್ಯರಿಗೆ ಮೊದಲೇ ಹೇಳಲಾಗದು, ಕಣಜಗಳಿಗೆ ಮಾತ್ರ ತಿಳಿದಿರುವಂತಿದೆ. ಅಲ್ಲಿ ‘ಕಾಸ್ಟ್’ ಎಂದರೆ ಅಂದಂದಿನ ಕೆಲಸ. ಹಾಗೆಂದು ಕಣಜದಿಂದ ಸಮಾನತೆಯ ಪಾಠ ಹೇಳಿಸುವುದೂ ರಿಸ್ಲಿಯ ದಾರಿಯೇ ಆದೀತು.

ಹೈದರಾಬಾದಿನ ಕೋಶ ಮತ್ತು ಅಣುಜೀವವಿಜ್ಞಾನ ಕೇಂದ್ರದ (ಸಿಸಿಎಂಬಿ) ತಂಗರಾಜ್ ಮತ್ತು ಅಮೆರಿಕದ ಸಂಶೋಧಕರು 2013ರಲ್ಲಿ 73 ಸಮುದಾಯಗಳ ಜೀನುಗಳನ್ನು ಪರಿಶೀಲಿಸಿ, ಭಾರತದಲ್ಲಿ ಸುಮಾರು 4,200ರಿಂದ 1,900 ವರ್ಷಗಳ ಹಿಂದಿನವರೆಗೆ ವ್ಯಾಪಕ ಬೆರಕೆ ನಡೆದಿತ್ತೆಂದೂ, ಒಳವಿವಾಹದ ಬೇಲಿ ಬಿಗಿಯಾದದ್ದು ಆಮೇಲೆಂದೂ ವಾದಿಸಿದರು. ಬುಡಕಟ್ಟುಗಳೂ ಆ ಬೆರಕೆಯ ಹೊರಗಿರಲಿಲ್ಲ.

ಕೊರಗರನ್ನು ಕೇಂದ್ರ ಸರಕಾರ ಸೇರಿಸಿದ್ದ ಬುಡಕಟ್ಟುಗಳ ಪಟ್ಟಿಯ ಹೆಸರಿನಲ್ಲಿದ್ದ ‘ಆದಿಮ’ ಎಂಬ ವಿಶೇಷಣ 2006ರಲ್ಲಿ ಹೋಗಿ, ‘ವಿಶೇಷವಾಗಿ ದುರ್ಬಲ’ ಎಂದಾಯಿತು. ಪಟ್ಟಿಗೆ ಸೇರಿಸುವ ಮಾನದಂಡಗಳಲ್ಲಿ ‘ಕೃಷಿಪೂರ್ವ ಮಟ್ಟದ ತಂತ್ರಜ್ಞಾನ’ ಎಂಬ ಮಾತು ಹಾಗೆಯೇ ಉಳಿಯಿತು.